ಕೊಸರಿಗೆ ತಕ್ಕಡಿಯಿಲ್ಲ

ನಮ್ಮೂರಿನಲ್ಲಿ ಮಧ್ಯಾಹ್ನದ ಮೂರು ಗಂಟೆ ಎರಡು ಸಲ ಆಗುತ್ತದೆ. ಮೊದಲ ಮೂರು ಎಲ್ಲರದು, ಎರಡನೇ ಮೂರು ನಮ್ಮದು. ನಡುವೆ ಸಿಗುವ ಒಂದು ಗಂಟೆಗೆ ನಾವು ಕೊಸರು ಎನ್ನುತ್ತೇವೆ. ಸೊಪ್ಪಿನವಳು ಕಟ್ಟು ಕೊಟ್ಟಾದ ಮೇಲೆ ಇನ್ನೊಂದು ಹಿಡಿ ಕಿತ್ತು ಮೇಲೆ ಹಾಕುತ್ತಾಳಲ್ಲ, ಹಾಗೆ ಈ ಗಂಟೆಯನ್ನು ಯಾರೋ ನಮ್ಮ ದಿನದ ಮೇಲೆ ಹಾಕಿದ್ದಾರೆ. ಯಾರು, ಯಾಕೆ ಎಂದು ನಾವು ವಿಚಾರಿಸಲು ಹೋಗಿಲ್ಲ. ಅತಿಯಾಗಿ ವಿಚಾರಿಸಿದರೆ ನಾಳೆಯಿಂದ ಹಾಕದೆಯೂ ಇದ್ದಾರು.

ಹೊಳೆಯ ಸೇತುವೆಯ ಆಚೆ ಕೊಸರಿಲ್ಲ. ಮೊದಲ ಮೂರು ಹೊಡೆಯುವ ಮೊದಲು ಯಾರಾದರೂ ಆ ಕಡೆ ದಾಟಿ, ಒಂದು ಬೀಡಿ ಸೇದಿ ತಿರುಗಿ ಬಂದರೆ ಇಲ್ಲಿ ಎರಡನೇ ಮೂರು ಹೊಡೆದು ಮುಗಿದಿರುತ್ತದೆ. ಅವರ ಪಾಲಿನ ಕೊಸರು ಅಂದಿಗೆ ಹೋಯಿತು. ಹೊರಗಿನಿಂದ ಹೆಣ್ಣು ನೋಡಲು ಬರುವ ಬೀಗರು, ಜಾತಕದ ವಯಸ್ಸಿಗಿಂತ ಹುಡುಗಿಯ ಮುಖ ಕೊಂಚ ಬಲಿತಂತೆ ಕಾಣುತ್ತದಲ್ಲ ಎಂದು ಅನುಮಾನ ಪಡುವುದುಂಟು. ನಾವು ಕಾಫಿ ಕೊಟ್ಟು ಸುಮ್ಮನಿರುತ್ತೇವೆ.

ಕೊಸರಿನ ಹೊತ್ತಿನಲ್ಲಿ ಕರೆಂಟಿನಿಂದಾಗಲಿ ಬ್ಯಾಟರಿಯಿಂದಾಗಲಿ ಓಡುವ ಯಾವುದೂ ಓಡುವುದಿಲ್ಲ. ಮೊಬೈಲಿನಲ್ಲಿ ಮೂರು ಗಂಟೆ ಎಂದು ಬಂದದ್ದು ಅಲ್ಲೇ ಕಲ್ಲಾಗುತ್ತದೆ. ಬಸ್ಸುಗಳು ಸೇತುವೆಯ ಆಚೆಗೇ ನಿಲ್ಲುತ್ತವೆ. ಆದರೆ ಮನುಷ್ಯರ ಕೈಯೋ ಕಾಲೋ ತಾಗಿ ನಡೆಯುವುದೆಲ್ಲ ನಡೆಯುತ್ತದೆ. ಕೀಲಿ ಕೊಟ್ಟ ಪುರಸಭೆಯ ಗಡಿಯಾರ ನಡೆಯುತ್ತದೆ, ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೋವು, ರುಬ್ಬುಗುಂಡು, ಸೈಕಲ್ಲು ನಡೆಯುತ್ತವೆ. ಹಾಗಾಗಿ ಬೇರೆ ಊರುಗಳಲ್ಲಿ ಗುಜರಿಗೆ ಹೋದ ಸಾಮಾನುಗಳೆಲ್ಲ ನಮ್ಮ ಮನೆಗಳಲ್ಲಿ ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತ ಕೂತಿವೆ.

ಇಂಥ ಊರಿನಲ್ಲಿ ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನಗಬೇಡಿ. ದಿನದ ಉಳಿದ ಗಂಟೆಗಳಲ್ಲಿ ನಮ್ಮವರಿಗೂ ಮೊಬೈಲು ಬೇಕು, ಅದೂ ಎಲ್ಲರಿಗಿಂತ ಜಾಸ್ತಿಯೇ ಬೇಕು. ನನ್ನ ಹೆಸರು ಚಂದ್ರಮತಿ. ಸೂಜಿಮೊನೆಯಷ್ಟು ಸಣ್ಣ ಬೆಸುಗೆ ಹಾಕುವುದರಲ್ಲಿ ನನ್ನ ಕೈಗೆ ಸಾಟಿಯಾದವರು ಇಲ್ಲಿಲ್ಲ. ಜಂಬವೆಂದರೆ ಜಂಬವೇ ಸರಿ. ಹಳೆಯ ಸಾಮಾನುಗಳನ್ನು ಕಂಡರೆ ನನಗೆ ಮೊದಲಿನಿಂದ ತಾತ್ಸಾರ. ಕೊಸರಿನ ಹೊತ್ತಿಗೆ ಅಂಗಡಿಯ ಬಾಗಿಲು ಎಳೆಯುವಾಗ ದಿನವೂ ಗೊಣಗುತ್ತಿದ್ದೆ.

ಗೊಣಗಿದರೂ ಹೋಗುತ್ತಿದ್ದೆ ಎನ್ನಿ. ಆ ಹೊತ್ತಿನಲ್ಲಿ ಊರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಸೇರುತ್ತದೆ. ಬಸ್ಸೇ ಬಾರದ ಬಸ್ ಸ್ಟ್ಯಾಂಡಿನಷ್ಟು ಆರಾಮದ ಜಾಗ ಇನ್ನೊಂದಿಲ್ಲ. ಕಲ್ಲುಬೆಂಚು, ನೆರಳು, ಎಲ್ಲಿಗೂ ಹೋಗುವ ಅವಸರವಿಲ್ಲ. ಅಂಜನಪ್ಪ ಅಲ್ಲೇ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ಬಿಟ್ಟಿ ಕ್ಷೌರ ಮಾಡುತ್ತಾನೆ. ಡಾಕ್ಟರಮ್ಮ ಮೆಹರುನ್ನೀಸಾ ಸ್ಟೆತಾಸ್ಕೋಪು, ಪಾದರಸದ ಬೀಪಿ ಡಬ್ಬಿ ತಂದು ಎದೆಬಡಿತ ಕೇಳುತ್ತಾರೆ, ಫೀಸು ಮುಟ್ಟುವುದಿಲ್ಲ. ಪುಟ್ಟತಾಯಮ್ಮ ಮಿಷನ್ನು ತುಳಿದು ಮಕ್ಕಳ ಹರಿದ ಅಂಗಿ ಹೊಲಿಯುತ್ತಾಳೆ. ಕೊಸರಾಗಿ ಬಂದ ಗಂಟೆಯನ್ನು ಕೊಸರಾಗಿಯೇ ಕೊಡಬೇಕು, ಅದು ನಮ್ಮ ಪದ್ಧತಿ. ಅದರ ಜೊತೆಗೆ ಇನ್ನೊಂದು ಪದ್ಧತಿಯೂ ಇದೆ: ಕೊಸರಿಗೆ ತಕ್ಕಡಿಯಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಕೊಟ್ಟರೂ ತೂಗಿ ನೋಡಬಾರದು, ಹುಳುಕು ಹುಡುಕಬಾರದು. ಅಂಜನಪ್ಪನ ಕತ್ತಿ ಗಲ್ಲ ಗೀರಿದರೂ, ಪುಟ್ಟತಾಯಮ್ಮ ಬಲತೋಳಿಗೆ ಎಡತೋಳು ಕೂರಿಸಿದರೂ, ಚೆನ್ನಾಗಿದೆ ಎಂದು ನಕ್ಕು ಎದ್ದು ಬರಬೇಕು. ದಾನಕ್ಕೆ ಬಂದ ಎತ್ತಿನ ಹಲ್ಲು ಹಿಡಿದು ನೋಡುವ ಜನ ನಾವಲ್ಲ.

ನಮ್ಮ ಯಜಮಾನರು ಕೊಡುತ್ತಿದ್ದದ್ದು ಹಾಡು. ಹೆಸರು ಶಾಂತವೀರಯ್ಯ, ಊರಿಗೆಲ್ಲ ಶಾಂತಣ್ಣ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಅವರಿಗೊಂದು ಹಿಟ್ಟಿನ ಗಿರಣಿಯಿದೆ. ಅವರ ತಂದೆ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದವರು, ಹಿತ್ತಾಳೆ ಕಹಳೆಯ ಒಂದು ಗ್ರಾಮಫೋನು ಬಿಟ್ಟುಹೋಗಿದ್ದಾರೆ. ನಮ್ಮವರು ಅದನ್ನು ದಿನವೂ ಕೈಗಾಡಿಯಲ್ಲಿಟ್ಟು ಬಸ್ ಸ್ಟ್ಯಾಂಡಿಗೆ ತಂದು, ಕೀಲಿ ಕೊಟ್ಟು, ಪ್ಲೇಟು ಹಾಕುತ್ತಿದ್ದರು. ಊರಿನವರು ಹೆಚ್ಚು ಕೇಳುತ್ತಿದ್ದದ್ದು ನಾಟಕದ ಒಂದು ಹಾಡು: ‘ಹೊಳೆಯ ದಾಟಿ ಬಂದಾಳೋ ಜಾಣೆ, ಸೆರಗಿನ ತುಂಬ ತಂದಾಳೋ ಬೆಳಕ.’ ಅದು ಶುರುವಾದರೆ ಅಂಜನಪ್ಪನ ಕತ್ತಿ ಗಲ್ಲದ ಮೇಲೆ ನಿಲ್ಲುತ್ತಿತ್ತು, ಪುಟ್ಟತಾಯಮ್ಮನ ಕಾಲು ತಾಳಕ್ಕೆ ತುಳಿಯುತ್ತಿತ್ತು. ನಮ್ಮವರು ಕಹಳೆಯ ಪಕ್ಕ ನಿಂತು ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡುತ್ತಿದ್ದರು.

ಗಿರಣಿಯ ಸದ್ದು ಅವರ ಕಿವಿಗಳನ್ನು ನಿಧಾನವಾಗಿ ತಿಂದುಹಾಕಿತು. ಮೊದಲು ಟಿವಿ ಜೋರಾಯಿತು, ಆಮೇಲೆ ಮಾತು ಜೋರಾಯಿತು, ಕೊನೆಗೆ ಜೋರು ಮಾಡಿಯೂ ಪ್ರಯೋಜನವಿಲ್ಲ ಎನ್ನುವಂತಾಯಿತು. ನಾನು ಪೇಟೆಗೆ ಕರೆದುಕೊಂಡು ಹೋಗಿ ಹೊಸ ಕಿವಿ ಮಿಷನ್ನು ಹಾಕಿಸಿದೆ. ಹುಣಸೆ ಬೀಜದಷ್ಟು ಸಣ್ಣದು, ಬಲು ಜಾಣ ಯಂತ್ರ. ಎಲ್ಲವೂ ಕೇಳಿಸತೊಡಗಿತು. ಆದರೆ ಮೊದಲ ಮೂರು ಹೊಡೆದ ಕೂಡಲೇ ಅದು ಸತ್ತುಹೋಗುತ್ತಿತ್ತು, ಎರಡನೇ ಮೂರಕ್ಕೆ ಹುಟ್ಟುತ್ತಿತ್ತು. ಊರೆಲ್ಲ ಕೂತು ಮಾತಾಡುವ, ಹಾಡು ಕೇಳುವ ಆ ಒಂದು ಗಂಟೆಗೆ ನಮ್ಮವರೊಬ್ಬರೇ ಕಿವುಡರು.

ನಾನು ಸುಮ್ಮನಿರುವವಳಲ್ಲ. ಮಿಷನ್ನು ಬಿಚ್ಚಿದೆ, ಬ್ಯಾಟರಿ ಬದಲಿಸಿದೆ, ತಾಮ್ರದ ತಗಡು ಸುತ್ತಿದೆ, ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅದರ ಮೇಲೆ ಸುರಿದೆ. ಕೊಸರಿನ ಮುಂದೆ ಯಾವುದೂ ನಡೆಯಲಿಲ್ಲ.

ಆದರೂ ಅವರು ಗ್ರಾಮಫೋನು ತರುವುದು ಬಿಡಲಿಲ್ಲ. ಕಿವಿ ಕೇಳದಿದ್ದರೇನು, ಕೈ ಗೊತ್ತಲ್ಲ. ಕೀಲಿ ಕೊಟ್ಟು, ಮುಳ್ಳು ಇಳಿಸಿ, ಎಂದಿನಂತೆ ಮುಖಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಹಾಗಿರುವಾಗ ಒಂದು ದಿನ ಪ್ಲೇಟು ಸಿಕ್ಕಿಕೊಂಡಿತು. ‘ಹೊಳೆಯ ದಾಟಿ ಬಂ... ದಾಟಿ ಬಂ... ದಾಟಿ ಬಂ...’ ಮುಳ್ಳು ಮೊಂಡಾಗಿತ್ತು. ಕಿವಿಯಿದ್ದವರು ಸದ್ದು ಒಡೆದ ಕೂಡಲೇ ಮುಳ್ಳು ಬದಲಿಸುತ್ತಾರೆ. ಅವರಿಗೆ ಹೇಗೆ ತಿಳಿಯಬೇಕು? ಪ್ಲೇಟು ತಿರುಗುತ್ತಲೇ ಇತ್ತು, ಅವರು ನಗುತ್ತ ನಿಂತಿದ್ದರು. ಅಂಜನಪ್ಪ ನನ್ನ ಮುಖ ನೋಡಿದ, ನಾನು ಡಾಕ್ಟರಮ್ಮನ ಮುಖ ನೋಡಿದೆ. ಯಾರೂ ಬಾಯಿ ಬಿಡಲಿಲ್ಲ. ಕೊಸರಿಗೆ ತಕ್ಕಡಿಯಿಲ್ಲ. ಹಾಡು ಇಷ್ಟು ಹೊತ್ತಿಗೆ ಮುಗಿದಿರಬೇಕು ಎಂಬ ಅಂದಾಜಿನಲ್ಲಿ ಅವರು ಮುಳ್ಳು ಎತ್ತಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮಾರನೆಯ ದಿನವೂ ಅದೇ, ಅದರಾಚೆಯ ದಿನವೂ ಅದೇ. ವರ್ಷಕ್ಕೂ ಮಿಕ್ಕಿ ನಮ್ಮೂರು ಆ ‘ದಾಟಿ ಬಂ’ ಅನ್ನು ತಲೆದೂಗುತ್ತ ಕೇಳಿತು. ಮನೆಯಲ್ಲಿ ಹೇಳೋಣವೆಂದು ನಾನೂ ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದೆ. ಕೇಳಿಸದ ಹೊತ್ತಿನಲ್ಲೂ ಊರಿಗೆ ಹಾಡು ಕೊಡುತ್ತಿದ್ದೇನೆ ಎಂಬ ಸಂತೋಷವೊಂದು ಅವರಿಗೆ ಉಳಿದಿತ್ತು, ಅದಕ್ಕೆ ನಾನು ಕಲ್ಲು ಹಾಕುವುದೇ ಎನಿಸುತ್ತಿತ್ತು.

ಆಮೇಲೆ ಇದ್ದಕ್ಕಿದ್ದಂತೆ ಅವರು ಬರುವುದನ್ನು ನಿಲ್ಲಿಸಿದರು. ಮೊದಲ ಮೂರಕ್ಕೆ ಮುಂಚೆ ಸೈಕಲ್ಲು ಹತ್ತಿ ಸೇತುವೆ ದಾಟಿಬಿಡುತ್ತಿದ್ದರು. ಆಚೆ ದಡದಲ್ಲಿ ಒಂದು ಬೀಡಿ ಸೇದಿ ಬರುವಷ್ಟರಲ್ಲಿ ನಮ್ಮ ಕೊಸರು ಮುಗಿದಿರುತ್ತಿತ್ತು. ಗ್ರಾಮಫೋನಿಗೆ ಬೆಡ್‌ಶೀಟು ಹೊದಿಸಿಟ್ಟರು. ಕೇಳಿದರೆ, “ಆಚೆ ಗಾಳಿ ಚೆನ್ನಾಗದೆ” ಎನ್ನುತ್ತಿದ್ದರು. ಕಿವುಡುತನದ ಬೇಸರ ಇರಬೇಕೆಂದು ನಾನು ತಿಳಿದೆ.

ಸುಮ್ಮನೆ ಬಿಟ್ಟುಬಿಡುವ ವಿಷಯವಲ್ಲ ಅದು. ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ನಾನು ಒಬ್ಬಳೇ ಕೂತಿರುವಾಗ ಲೆಕ್ಕ ಹೊಳೆಯಿತು: ಅವರು ಬಿಟ್ಟುಕೊಟ್ಟ ಗಂಟೆಗಳನ್ನೆಲ್ಲ ನಾನೊಬ್ಬಳೇ ಬಾಳುತ್ತಿದ್ದೇನೆ. ದಿನಕ್ಕೊಂದು ಗಂಟೆಯಂತೆ ನಾನು ಅವರನ್ನು ಹಿಂದೆ ಹಾಕಿ ಮುದುಕಿಯಾಗುತ್ತಿದ್ದೇನೆ. ಮದುವೆಯಾದಾಗ ಅವರು ನನಗಿಂತ ಹಿರಿಯರು. ಹೀಗೇ ನಡೆದರೆ ಒಂದು ದಿನ ನಾನೇ ಅವರಿಗೆ ಅಕ್ಕನಂತೆ ಕಾಣಬಹುದು. ನಗು ಬರಬೇಕಾದ ಯೋಚನೆ, ಆದರೆ ನನಗೆ ಅಳು ಬಂತು. ಒಟ್ಟಿಗೆ ಮುದುಕರಾಗೋಣ ಎಂದೇ ಅಲ್ಲವೇ ಮದುವೆಯಾಗುವುದು?

ಅಂದು ಅವರು ಊಟ ಮಾಡಿ ಕೈ ತೊಳೆಯುತ್ತಿದ್ದಾಗ ನಾನು ಹೋಗಿ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟು, ವಾಲ್ವುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದೆ. ಬಂದು, ಏನೂ ಅರಿಯದವಳಂತೆ ಸ್ಟೋವಿಗೆ ಲಾಳಿಕೆಯಿಟ್ಟು ಸೀಮೆಎಣ್ಣೆ ಹಾಕುತ್ತ ಕೂತೆ. ಪುರಸಭೆಯ ಗಡಿಯಾರ ಮೂರು ಹೊಡೆಯಿತು. ಮೇಲೆ ಫ್ಯಾನು ನಿಂತಿತು. ಅವರು ಕೆಂಪಗಾಗಿ ಒಳಗೆ ಬಂದರು.

“ಗಾಳಿ ಬಿಟ್ಟೋರು ಯಾರು?”

“ನಾನೇ” ಎಂದೆ. ಮಿಷನ್ನು ಸತ್ತಿತ್ತು, ಕೇಳಿಸಲಿಲ್ಲ. ಎದೆ ಮುಟ್ಟಿ ತೋರಿಸಿದೆ.

“ಯಾಕೆ? ನಾನು ಎಲ್ಲಿಗೆ ಹೋದ್ರೆ ನಿಂಗೇನು ಕಷ್ಟ?”

ನಾನು ಹೇಳತೊಡಗಿದೆ. ಅವರು ಕೈ ಅಲ್ಲಾಡಿಸಿದರು, ಏನೂ ಕೇಳಿಸುತ್ತಿಲ್ಲ ಎಂದು. ನಾನು ಇನ್ನೂ ಜೋರಾಗಿ ಹೇಳಿದೆ, ಪಕ್ಕದ ಮನೆಯ ನಾಯಿ ಬೊಗಳಿತು. ಆಗ ಅವರಿಗೆ ಏನು ಕುಚೋದ್ಯ ಹೊಕ್ಕಿತೋ, ನನ್ನ ಕೈಯಲ್ಲಿದ್ದ ತಗಡಿನ ಲಾಳಿಕೆ ಕಿತ್ತುಕೊಂಡು, ಸತ್ತ ಮಿಷನ್ನು ತೆಗೆದ ಕಿವಿಗೆ ಅದರ ಸಣ್ಣ ತುದಿಯನ್ನು ಇಟ್ಟುಕೊಂಡು, ನನ್ನ ಮುಂದೆ ಸೊಂಟ ಬಗ್ಗಿಸಿ ನಿಂತರು.

“ಹೂಂ, ಬೈಯವ್ವ ತಾಯಿ. ಹೊಟ್ಟೆ ತುಂಬ ಬೈಯಿ. ಕೊಸರು ಬೇರೆ, ಕಾಸೇನೂ ಕೊಡ್ಬೇಕಾಗಿಲ್ಲ.”

ನನಗೂ ರೇಗಿತು. ಲಾಳಿಕೆಯ ಅಗಲ ಬಾಯಿಗೆ ಬಾಯಿಟ್ಟು ಅಂದೆ: “ದಿನಾ ನನ್ನೊಬ್ಳನ್ನೇ ಬಿಟ್ಟು ಹೋಗ್ತೀರಲ್ಲ, ನಾನೇನು ನಿಮ್ಮ ಗಿರಣೀಲಿ ಯಾರೋ ಮರೆತು ಹೋದ ಹಿಟ್ಟಿನ ಡಬ್ಬಾನಾ?”

ಅವರು ಬಗ್ಗಿದವರು ಏಳಲಿಲ್ಲ. ಲಾಳಿಕೆಯಲ್ಲಿ ಉಳಿದಿದ್ದ ಸೀಮೆಎಣ್ಣೆ ಕಿವಿಯಿಂದ ಕುತ್ತಿಗೆಗೆ ಇಳಿದು ಬನಿಯನ್ನಿಗೆ ಹತ್ತಿತು. ಒರೆಸಿಕೊಳ್ಳಲೂ ಇಲ್ಲ.

“ಡಬ್ಬಾ ಅಂದ್ಯಾ?” ಎಂದು ಕೇಳಿದರು.

ನಾನು ಹೂಂ ಎಂದೆ, ಲಾಳಿಕೆಯಲ್ಲಿಯೇ.

“ಹಿಟ್ಟಿನ ಡಬ್ಬಾ?”

“ಹೂಂ.”

“ಇನ್ನೊಂದ್ಸಲ ಬೈಯೇ ಚಂದ್ರಾ” ಎಂದರು.

ಕೊಸರಿನ ಹೊತ್ತಿನಲ್ಲಿ ಅಷ್ಟು ದಿನಗಳ ಮೇಲೆ ಅವರ ಕಿವಿಗೆ ಬಿದ್ದ ಮೊದಲ ಮಾತು ನನ್ನ ಬೈಗುಳ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತೆವು, ನಡುವೆ ಆ ಲಾಳಿಕೆ. ಆ ಹುಣಸೆ ಬೀಜದ ಮಿಷನ್ನಿಗೆ ನಾನು ಪಟ್ಟ ಪಾಡೇನು, ಇದೇನು! ಸ್ಟೋವಿನ ಪಕ್ಕ ಮೊಳೆಗೆ ನೇತುಹಾಕಿದ್ದ ತಗಡು, ದಿನವೂ ಕೈಗೆ ಸಿಗುತ್ತಿದ್ದದ್ದು. ಅದಕ್ಕೆ ಕೈ ಮುಗಿಯಬೇಕೆನಿಸಿತು, ಮುಗಿದೆ ಕೂಡ.

“ಈಗ ಹೇಳಿ,” ಎಂದೆ, “ಬಸ್ ಸ್ಟ್ಯಾಂಡಿಗೆ ಯಾಕೆ ಬರಲ್ಲ?”

ಅವರು ಉಗುರಿನಿಂದ ನೆಲ ಕೆರೆದರು. “ನಂಗೆ ಹಾಡು ಕೇಳಿಸ್ತಿರ್ಲಿಲ್ಲ ನೋಡು. ಮುಖ ನೋಡ್ತಿದ್ದೆ. ಮೊದ್ಲು ಮುಖದಲ್ಲೇ ಹಾಡು ಕಾಣ್ತಿತ್ತು. ಆಮೇಲೆ ಅದೂ ಕಾಣ್ದಂಗಾಯ್ತು. ಎಲ್ರೂ ಹಲ್ಲು ಕಚ್ಕೊಂಡು ನಗೋರು. ನನ್ನ ಹಾಡು ಸಾಕಾಗೋಗದೆ ಇವ್ರಿಗೆ, ನಾನೂ ಸಾಕಾಗಿದೀನಿ, ಬಾಯ್ಬಿಟ್ಟು ಹೇಳಕ್ಕಾಗ್ದೆ ಕೂತವ್ರೆ ಅಂದ್ಕೊಂಡೆ. ಬೇಡದ ಮನೇಲಿ ಎಷ್ಟು ದಿನ ಕೂತ್ಕೊಳ್ಳೋದು?”

ನೋಯಿಸಬಾರದೆಂದು ಊರೆಲ್ಲ ಸೇರಿ ಮಾಡಿದ ಮರ್ಯಾದೆ ಈ ಮನುಷ್ಯನನ್ನು ಹೊಳೆ ದಾಟಿಸಿತ್ತು. ಪದ್ಧತಿ ಮೀರಿ ನಾನು ತಕ್ಕಡಿ ಹಿಡಿದೆ. ಲಾಳಿಕೆಗೆ ಬಾಯಿಟ್ಟು ಎಲ್ಲವನ್ನೂ ಹೇಳಿದೆ: ಮುಳ್ಳು ಮೊಂಡಾದದ್ದು, ‘ದಾಟಿ ಬಂ’, ತಲೆದೂಗಿದ್ದು, ಚಪ್ಪಾಳೆ, ಎಲ್ಲ.

ಅವರು ಎದ್ದು ಹೊರಗೆ ಹೋಗಿ ಗ್ರಾಮಫೋನಿನ ಮೇಲಿನ ಬೆಡ್‌ಶೀಟು ನೋಡುತ್ತ ನಿಂತರು. “ಇನ್ನು ಅವ್ರಿಗೆ ಯಾವ ಮುಖ ತೋರಿಸ್ಲಿ” ಎಂದರು. ಎರಡನೇ ಮೂರು ಹೊಡೆಯಿತು, ಫ್ಯಾನು ತಿರುಗಿತು, ಅವರು ಗಿರಣಿಗೆ ಹೊರಟರು.

ಸಂಜೆ ನಾನು ಲಾಳಿಕೆ ತೊಳೆದು ಒಣಗಿಸಿ ಡಾಕ್ಟರಮ್ಮನ ಮನೆಗೆ ಒಯ್ದೆ. ನಡೆದದ್ದನ್ನು ಹೇಳಿದೆ. ಅವರು ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಒಳಗಿನಿಂದ ತಮ್ಮ ಹಳೆಯದೊಂದು ಸ್ಟೆತಾಸ್ಕೋಪು ತಂದರು. ಎದೆಗಿಡುವ ಬಿಲ್ಲೆಯನ್ನು ತೆಗೆದು ಆ ಜಾಗಕ್ಕೆ ಲಾಳಿಕೆಯ ಮೂತಿ ಸಿಕ್ಕಿಸಿ, ಸಂದಿಗೆ ಮೇಣ ಮೆತ್ತಿದರು. “ಎರಡೂ ಕಿವಿಗಾಯ್ತು ಚಂದ್ರಮ್ಮ” ಎಂದರು. “ಆದ್ರೆ ಅವ್ರು ಬರ್ಬೇಕಲ್ಲ?”

ಅದೇ ನನ್ನ ಚಿಂತೆ. ನಮ್ಮ ಮನೆಯ ಮುಂದಿನ ರಸ್ತೆ ಗಿರಣಿಯ ಹತ್ತಿರ ಎರಡಾಗಿ ಒಡೆಯುತ್ತದೆ, ಒಂದು ಸೇತುವೆಗೆ, ಒಂದು ಬಸ್ ಸ್ಟ್ಯಾಂಡಿಗೆ. ಮಾರನೆಯ ದಿನ ಸ್ಟೆತಾಸ್ಕೋಪನ್ನು ಗ್ರಾಮಫೋನಿನ ಮೇಲಿಟ್ಟು, ಸೈಕಲ್ಲಿನ ವಾಲ್ವುಗಳನ್ನೂ ಅದರ ಪಕ್ಕದಲ್ಲೇ ಇಟ್ಟು, ನಾನು ಮುಂಚಿತವಾಗಿ ಹೋಗಿ ಬೆಂಚಿನಲ್ಲಿ ಕೂತೆ. ಎರಡರಲ್ಲಿ ಯಾವುದನ್ನು ಎತ್ತಿಕೊಳ್ಳುತ್ತಾರೋ ಅವರಿಗೇ ಬಿಟ್ಟದ್ದು. ಗಡಿಯಾರ ಮೂರು ಹೊಡೆಯಿತು. ಅವರು ಬರಲಿಲ್ಲ. ಪುಟ್ಟತಾಯಮ್ಮ ಮಿಷನ್ನಿಗೆ ಎಣ್ಣೆ ಬಿಟ್ಟಳು. ನಾನು ರಸ್ತೆ ನೋಡುವುದನ್ನು ಬಿಟ್ಟು ಕಾಲುಗುರು ನೋಡತೊಡಗಿದೆ.

ಆಗ ಕೈಗಾಡಿಯ ಕಿರುಗುಟ್ಟುವ ಸದ್ದು ಕೇಳಿತು.

ಡಾಕ್ಟರರ ಹಾಗೆ ಕಿವಿಗೆ ಸ್ಟೆತಾಸ್ಕೋಪು, ಎದೆಯ ಮೇಲೆ ಓಲಾಡುವ ತಗಡಿನ ಲಾಳಿಕೆ, ಗಾಡಿಯ ಮೇಲೆ ಗ್ರಾಮಫೋನು. ಅಂಥ ವೇಷವನ್ನು ನಾಟಕ ಕಂಪನಿಯವರೂ ಕಟ್ಟಿರಲಾರರು. ಯಾರೂ ನಗಲಿಲ್ಲ, ಪದ್ಧತಿ ನೋಡಿ. ಅವರು ಗ್ರಾಮಫೋನು ಇಳಿಸಿ, ಕೀಲಿ ಕೊಟ್ಟು, ಅದೇ ಪ್ಲೇಟು, ಅದೇ ಮೊಂಡು ಮುಳ್ಳು ಹಾಕಿ, ಲಾಳಿಕೆಯನ್ನು ಕಹಳೆಯ ಬಾಯಿಗೆ ಹಿಡಿದರು.

‘ಹೊಳೆಯ ದಾಟಿ ಬಂ... ದಾಟಿ ಬಂ... ದಾಟಿ ಬಂ...’

ಅವರು ಎತ್ತಲಿಲ್ಲ. ಕೇಳುತ್ತಲೇ ನಿಂತರು. ನಾವೂ ಕೂತೆವು, ಅಭ್ಯಾಸದಂತೆ ತಲೆದೂಗುತ್ತ. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಕೀಲಿ ಇಳಿದು ಜಾಣೆಯ ದನಿ ಗಂಡಸಿನ ದನಿಯಾಗಿ ಪ್ಲೇಟು ನಿಂತಿತು.

“ಇಷ್ಟು ದಿನ ಇದನ್ನ ಕೇಳಿದ್ರಾ?” ಎಂದರು. ಕಣ್ಣಲ್ಲಿ ನೀರು. “ಮಳೆಗಾಲ, ಬೇಸಿಗೆ, ಎಲ್ಲಾ? ನನ್ನ ಸಲುವಾಗಿ?”

ಅಂಜನಪ್ಪ ಕತ್ತಿ ಮಡಿಸಿ ಎದ್ದುಬಂದು ಲಾಳಿಕೆ ಹಿಡಿದುಕೊಂಡ. ಪದ್ಧತಿಯೂ ಮೀರಿತು, ತಾಳ್ಮೆಯೂ ಮೀರಿತು. “ಶಾಂತಣ್ಣ, ಆ ಜಾಣೆ ನಡು ಹೊಳೇಲಿ ನಿಂತು ವರ್ಷ ಆಯ್ತು. ನೆಗಡಿ ಆಗೋಗದೆ. ನಿನ್ನ ದಮ್ಮಯ್ಯ, ದಡ ಹತ್ತಿಸು.”

ಬಸ್ ಸ್ಟ್ಯಾಂಡು ಸಿಡಿಯಿತು. ತಡೆದಿಟ್ಟಿದ್ದ ನಗುವೆಲ್ಲ ಅಂದು ಹೊರಗೆ ಬಂತು. ಪುಟ್ಟತಾಯಮ್ಮ ಮಿಷನ್ನಿನ ಮೇಲೆ ಬಿದ್ದು ನಕ್ಕಳು. ನಮ್ಮವರು ನಗುತ್ತ ಅಳುತ್ತ ಜೇಬಿನಿಂದ ಹೊಸ ಮುಳ್ಳಿನ ಡಬ್ಬಿ ತೆಗೆದರು. ಪ್ಲೇಟನ್ನು ಒಂದು ಕೈಯಲ್ಲಿ ನಿಧಾನವಾಗಿ ತಿರುಗಿಸಿ ಕೇಳಿ, ತೊಡಕಿನ ಜಾಗ ಗುರುತಿಸಿ, ಬಿಸಿಲಿಗೆ ಹಿಡಿದು, ಗೆರೆಯಲ್ಲಿ ಗಟ್ಟಿಕಟ್ಟಿದ್ದ ಪುಡಿಯನ್ನು ಗುಂಡುಸೂಜಿಯಿಂದ ಕೆರೆದರು, ಒದ್ದೆ ಬಟ್ಟೆಯಿಂದ ಒರೆಸಿದರು. ಹೊಸ ಮುಳ್ಳು ಹಾಕಿ ಇಳಿಸಿದರು. ಊರು ಉಸಿರು ಬಿಗಿ ಹಿಡಿದು ಕೂತಿತು.

‘ಹೊಳೆಯ ದಾಟಿ ಬಂದಾಳೋ ಜಾಣೆ...’

ದಾಟಿದಳು. ಹಾಗೇ ಮುಂದೆ ನಡೆದಳು, ‘ಸೆರಗಿನ ತುಂಬ ತಂದಾಳೋ ಬೆಳಕ’. ನಮಗೆಲ್ಲ ಮರೆತೇಹೋಗಿದ್ದ ಸಾಲುಗಳು ಒಂದರ ಹಿಂದೆ ಒಂದು ಬಂದವು. ದೊಡ್ಡವರೆಲ್ಲ ಕಣ್ಣು ಮುಚ್ಚಿ ಕೂತರೆ, ನೆಲದ ಮೇಲೆ ಗಜ್ಜುಗ ಆಡುತ್ತಿದ್ದ ಚಿಳ್ಳೆಗಳು ಮಾತ್ರ ಎದ್ದು ನಿಂತು ರಂಪ ಮಾಡಿದವು. “ತಾತಾ, ತಪ್ಪು ಹಾಡ್ತಾ ಅದೆ! ಹಂಗಲ್ಲ!” ಎಂದು ಕೂಗಿ, ತಾವು ಮಾತು ಕಲಿತಾಗಿನಿಂದ ಕೇಳಿ ಕಲಿತದ್ದನ್ನು ಕೈಕೈ ಹಿಡಿದು ಸರಿಯಾಗಿ ಹಾಡಿ ತೋರಿಸಿದವು: ದಾಟಿ ಬಂ, ದಾಟಿ ಬಂ, ದಾಟಿ ಬಂ! ನಮ್ಮವರು ಲಾಳಿಕೆಯನ್ನು ಕಹಳೆಯಿಂದ ತೆಗೆದು ಆ ಮಕ್ಕಳ ಕಡೆ ಹಿಡಿದರು. ಅವರ ಮೊಂಡು ಮುಳ್ಳು ಕಲಿಸಿದ ಹಾಡು ಅದು. ಅದನ್ನು ಕೇಳಿ ಅವರು ನಕ್ಕ ಹಾಗೆ ಮದುವೆಯ ದಿನವೂ ನಕ್ಕಿರಲಿಲ್ಲ.

ಈಗ ನಮ್ಮೂರಿನಲ್ಲಿ ಕೊಸರಿಗೆ ಒಂದು ಸಣ್ಣ ತಕ್ಕಡಿ ಬಂದಿದೆ. ಕತ್ತಿ ಗೀರಿದರೆ “ಅಂಜನಪ್ಪ, ಮಸೆಯಪ್ಪ” ಎನ್ನುತ್ತೇವೆ. ಎಡತೋಳು ಬಲಕ್ಕೆ ಬಂದರೆ ಪುಟ್ಟತಾಯಮ್ಮ ಬೈಸಿಕೊಂಡು ಬಿಚ್ಚಿ ಹೊಲಿಯುತ್ತಾಳೆ. ಕೊಡುವುದೇನೂ ಕಡಿಮೆಯಾಗಿಲ್ಲ. ನಾನೂ ಅಂಗಡಿಯ ಬಾಗಿಲನ್ನು ಗೊಣಗದೆ ಎಳೆಯುತ್ತೇನೆ, ಕೆಲವು ದಿನ ಮೂರು ಹೊಡೆಯುವ ಮೊದಲೇ.

ಜಾಣೆ ದಡ ಹತ್ತಿದ ಆ ದಿನ ಎರಡನೇ ಮೂರು ಹೊಡೆದು ಎಲ್ಲರ ಜೇಬಿನಲ್ಲಿ ಮೊಬೈಲುಗಳು ಕುಯ್‌ಗುಟ್ಟಿದಾಗ, ಗಾಡಿಯ ಮೇಲಿದ್ದ ಅವರ ಕಿವಿ ಮಿಷನ್ನನ್ನು ಎತ್ತಿ ನಾನು ಮುಂದೆ ಹಿಡಿದೆ. ಅವರು ತೆಗೆದುಕೊಂಡು ಜೇಬಿಗೆ ಹಾಕಿದರು. ಸ್ಟೆತಾಸ್ಕೋಪು ಕಿವಿಯಲ್ಲೇ ಇತ್ತು.

ಲಾಳಿಕೆಗೆ ಬಾಯಿಟ್ಟು ಹೇಳಿದೆ: “ಕೊಸರು ಮುಗೀತು ರೀ. ಈಗ ಅದು ಕೆಲಸ ಮಾಡ್ತದೆ, ಹಾಕ್ಕೊಳ್ಳಿ.”

“ಹಾಕ್ಕೊಂತೀನಿ ಇರು” ಎಂದರು. “ಅದ್ರಲ್ಲಿ ಊರೆಲ್ಲ ಕೇಳ್ತದೆ ಚಂದ್ರಾ. ಇದ್ರಲ್ಲಿ ನೀನು ಹತ್ರ ಬರ್ಬೇಕು.”

ನಾನು ಹತ್ತಿರ ಹೋದೆ. ಏನು ಹೇಳಿದೆ ಎಂದು ಕೇಳಬೇಡಿ, ಅದು ಲಾಳಿಕೆಯೊಳಗೆ ಹೇಳಿದ ಮಾತು. ಕೈಗಾಡಿಯ ಒಂದು ಕಡೆ ಅವರು ಹಿಡಿದರು, ಇನ್ನೊಂದು ಕಡೆ ನಾನು ಹಿಡಿದೆ, ಇಬ್ಬರೂ ಸಮಸಮವಾಗಿ ಒಂದೊಂದು ಗಂಟೆ ಮುದುಕರಾಗಿ ಮನೆಗೆ ಬಂದೆವು.